ಸಾಕು ಎಂಬ ಒಂದೇ ಮಾತು

ಅಪ್ಪ ಬಸ್ ನಿಲ್ದಾಣದ ಮೈಕಿನವನು. ಟಿಕೆಟ್ ಕಿಟಕಿಗಳ ಮೇಲ್ಗಡೆ ಗಾಜಿನ ಗೂಡಿನಂಥ ಒಂದು ಕೋಣೆ. ಅದರೊಳಗೆ ಒಂದು ಮೇಜು, ಒಂದು ಮೈಕು, ಗಾಳಿಗಿಂತ ಸದ್ದನ್ನೇ ಹೆಚ್ಚು ಕೊಡುವ ಒಂದು ಫ್ಯಾನು. ಅಲ್ಲಿ ಕೂತು ಅಪ್ಪ "ಪ್ರಯಾಣಿಕರ ಗಮನಕ್ಕೆ" ಎಂದು ಶುರುಮಾಡಿದನೆಂದರೆ ನಿಲ್ದಾಣದ ಗಲಾಟೆ ಒಂದು ಮೆಟ್ಟಿಲು ಕೆಳಗಿಳಿಯುತ್ತಿತ್ತು. ಯಾವ ಬಸ್ಸು ಎಲ್ಲಿ ನಿಂತಿದೆ, ಯಾವುದು ತಡ, ಯಾರ ಮಗು ಕಳೆದುಹೋಗಿ ಗಾಜಿನ ಕೋಣೆಯಲ್ಲಿ ಬಿಸ್ಕತ್ತು ತಿನ್ನುತ್ತಾ ಕೂತಿದೆ, ಎಲ್ಲವನ್ನೂ ಎರಡೆರಡು ಸಲ ಹೇಳುತ್ತಿದ್ದ. ಆ ಚಾಳಿ ಮನೆಗೂ ಬಂದಿತ್ತು. ಚಹಾ ತಡವಾದರೆ ಕುರ್ಚಿಯಲ್ಲಿ ಕೂತೇ ಮೂಗಿನಿಂದ ಸ್ವರ ತೆಗೆದು, "ಅಡುಗೆಮನೆಯಿಂದ ಹೊರಡಬೇಕಾದ ಚಹಾ ಇನ್ನೂ ಹೊರಟಿಲ್ಲ, ಪ್ರಯಾಣಿಕರು ಸಹಕರಿಸಬೇಕು" ಎಂದು ಸಾರುತ್ತಿದ್ದ. ಅಮ್ಮ ಒಳಗಿನಿಂದಲೇ, "ಡ್ರೈವರ್ ರಜೆ ಮೇಲಿದಾರೆ, ಬೇಕಾದ್ರೆ ನೀವೇ ಬಂದು ಓಡಿಸ್ಕೊಳ್ಳಿ" ಎನ್ನುತ್ತಿದ್ದಳು.

ಅಂಥ ಬಾಯಿಗೆ ಇಂಥ ಮಗಳು ಹೇಗೆ ಹುಟ್ಟಿದಳೋ ಎಂದು ನೆಂಟರೆಲ್ಲ ನಗುತ್ತಿದ್ದರು. ಅವಳ ದನಿ ಗಂಟಲು ದಾಟಿ ತುಟಿಗೆ ಬರುವಷ್ಟರಲ್ಲಿ ಅರ್ಧ ಕರಗಿಹೋಗುತ್ತಿತ್ತು. ಶಾಲೆಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ಅಕ್ಷರಗಳೆಲ್ಲ ಇರುವೆಗಳ ಹಾಗೆ ಚೆದುರುತ್ತಿದ್ದವು. ಒಂದು ದಿನ ತರಗತಿಗೆ ತರಗತಿಯೇ ಅವಳ ತೊದಲನ್ನು ರಾಗವಾಗಿ ಹೇಳಿ ನಕ್ಕಿತು. ಮರುದಿನ ಅವಳು ಶಾಲೆಗೆ ಹೋಗಲಿಲ್ಲ. ಅದರ ಮರುದಿನವೂ ಇಲ್ಲ. ಅಪ್ಪ ಬೈದ, ಮುದ್ದಿಸಿದ, ಕೊನೆಗೆ ಸುಮ್ಮನಾದ. ಅಂದಿನಿಂದ ಅವಳು ಅಮ್ಮನ ಜೊತೆ ಮನೆಯಲ್ಲೇ ಕೂತು, ಅಂಗಡಿಯವರು ಕಟ್ಟು ಕಟ್ಟಾಗಿ ಕಳಿಸುವ ಅಂಗಿಗಳಿಗೆ ಗುಂಡಿ ಹಚ್ಚುತ್ತಿದ್ದಳು. ಟೈರ್ ಅಂಗಡಿಯಲ್ಲಿ ಕೆಲಸ ಮಾಡುವ ಅಣ್ಣ ಅವಳಿಗೆ "ಮ್ಯೂಟು" ಎಂದು ಹೆಸರಿಟ್ಟಿದ್ದ. "ಲೇ ಮ್ಯೂಟು, ರಿಮೋಟ್ ಎಲ್ಲೇ ಇಟ್ಟೆ? ನಿನ್ ದನಿ ಸ್ವಲ್ಪ ಏರಿಸ್ಬೇಕು."

ಅಪ್ಪನಿಗೆ ಪಾರ್ಶ್ವವಾಯು ಬಡಿದ ದಿನದಿಂದ ಅಣ್ಣ ಆ ಹೆಸರನ್ನು ಬಾಯಿಗೆ ತರಲಿಲ್ಲ.

ಅದು ಬಡಿದದ್ದು ಮೈಕಿನ ಮುಂದೆಯೇ. ಬಸ್ಸೊಂದು ಹೊರಡುತ್ತಿದೆ ಎಂದು ಹೇಳುತ್ತಿದ್ದವನು "ಹೊರ... ಹೊರ..." ಎಂದು ನಿಂತುಬಿಟ್ಟ. ಆಮೇಲೆ ಏನೇನೋ ಸದ್ದು ಬಂತಂತೆ. ಕೆಳಗಿದ್ದವರು ಮೈಕು ಕೆಟ್ಟಿದೆ ಎಂದುಕೊಂಡರು. ಯಾರೋ ಮೇಲೆ ನೋಡಿ, "ವೈರು ಸರಿಮಾಡ್ರಯ್ಯಾ" ಎಂದು ಕೂಗಿಯೂ ಕೂಗಿದರು. ವೈರು ಸರಿಮಾಡುವವನು ಮೆಟ್ಟಿಲು ಹತ್ತಿಹೋಗಿ ನೋಡಿದಾಗ ಅಪ್ಪ ಮೇಜಿನ ಮೇಲೆ ಕೆನ್ನೆ ಊರಿಕೊಂಡು, ಇನ್ನೂ ಮೈಕಿನೊಳಕ್ಕೆ ಉಸಿರಾಡುತ್ತಿದ್ದ.

ಆಸ್ಪತ್ರೆಯಿಂದ ಮನೆಗೆ ಬಂದವನು ಅರ್ಧ ಅಪ್ಪ. ಬಲಗೈ, ಬಲಗಾಲು ಅವನವಲ್ಲ. ಮಾತು ಒಂದೂ ಇಲ್ಲ. ನುಂಗುವುದು ಮರೆತುಹೋಗಿತ್ತು, ಬಾಯಿಗೆ ನೀರು ಹಾಕಿದರೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದು ಡಾಕ್ಟರು ಮೂಗಿನಿಂದ ಹೊಟ್ಟೆಯವರೆಗೆ ಒಂದು ಸಣ್ಣ ಪೈಪು ಇಳಿಸಿ, ಮೂಗಿನ ಮೇಲೆ ಪ್ಲಾಸ್ಟರ್ ಅಂಟಿಸಿ ಕಳಿಸಿದ್ದರು. ಹಾಲು, ಹಣ್ಣಿನ ರಸ, ಪುಡಿಮಾಡಿದ ಮಾತ್ರೆ ಎಲ್ಲ ದೊಡ್ಡ ಸಿರಿಂಜಿನಲ್ಲಿ ಆ ಪೈಪಿಗೇ. ಹೊರಕೋಣೆಯಲ್ಲಿ ಕಿಟಕಿಯ ಪಕ್ಕ ಕಬ್ಬಿಣದ ಮಂಚ ಬಂತು. ಗುಂಡಿ ಹಚ್ಚುವ ಅಂಗಿಗಳ ಕಟ್ಟು ಮಂಚದ ಕೆಳಕ್ಕೆ ಸರಿಯಿತು.

ಆಸ್ಪತ್ರೆಯಿಂದ ಮಾತು ಕಲಿಸುವ ಟೀಚರೊಬ್ಬರು ಬರುತ್ತಿದ್ದರು. ತೆಳ್ಳಗಿನ, ಗಡಿಬಿಡಿಯ ಹೆಂಗಸು. ಅವರ ಕೆಲಸ ಹೆಚ್ಚಾಗಿ ಮಾತು ತಡವಾದ ಮಕ್ಕಳ ಜೊತೆ. ಅವರು ಚೀಲ ಕೆದಕಿ ಒಂದು ಚಿತ್ರಪುಸ್ತಕ ತೆಗೆದು ಮಂಚದ ಮೇಲಿಟ್ಟರು.

"ದೊಡ್ಡವರ ಪುಸ್ತಕ ನನ್ ಹತ್ರ ಇಲ್ಲಮ್ಮಾ. ಇದೇ ಒಳ್ಳೇದು. ಚಿಕ್ಕ ಚಿಕ್ಕ ವಾಕ್ಯ, ಅದೇ ಪದ ಮತ್ತೆ ಮತ್ತೆ ಬರುತ್ತೆ. ದಿನಾ ಯಾರಾದ್ರೂ ಗಟ್ಟಿಯಾಗಿ ಓದಿ. ಯಾರು ಓದ್ತೀರಿ?"

ಅಮ್ಮನಿಗೆ ಓದು ಬರದು. ಅಣ್ಣ ಹಗಲೆಲ್ಲ ಅಂಗಡಿಯಲ್ಲಿ. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಅವಳು ದಾರಕ್ಕೆ ಗಂಟು ಹಾಕುವವಳ ಹಾಗೆ ತಲೆ ತಗ್ಗಿಸಿದಳು.

"ಛಲ ಬಿಡ್ಬಾರ್ದು," ಎಂದರು ಟೀಚರು. "ಈ ಪುಸ್ತಕ ಹೇಳೋದೂ ಅದನ್ನೇ."

ಪುಸ್ತಕದಲ್ಲಿ ಎರಡು ಜಡೆಯ ಒಬ್ಬ ಪುಟ್ಟ ಹುಡುಗಿ. ಅವಳಿಗೆ ಅಂಗಳದಲ್ಲಿ ರೆಕ್ಕೆ ಸೊಟ್ಟಗಾದ ಒಂದು ಹಕ್ಕಿಮರಿ ಸಿಗುತ್ತದೆ. ಅದನ್ನು ಸಮುದ್ರ ದಾಟುವಷ್ಟು ದೂರ ಹಾರಿಸಬೇಕೆಂದು ಹುಡುಗಿಯ ಕನಸು. ಹಾರಿಸಲು ಹೋದಾಗಲೆಲ್ಲ ಅದು ಬೀಳುತ್ತದೆ. ಬಿದ್ದಾಗಲೆಲ್ಲ ಅಮ್ಮ, ಅಜ್ಜಿ, ಮನೆಯವರೆಲ್ಲ, "ಸಾಕು!" ಎನ್ನುತ್ತಾರೆ. ಸಾಕು, ಇನ್ನು ಬಿಡು ಎಂದು ಅವರ ಅರ್ಥ. ಹುಡುಗಿಗೆ ಕೇಳುವುದು ಬೇರೆ. "ಸಾಕು ಅಂದ್ರಲ್ಲ, ಸಾಕ್ತೀನಿ" ಎಂದು ಮರಿಯನ್ನು ಮತ್ತೆ ಮಡಿಲಿಗೆ ಎತ್ತಿಕೊಳ್ಳುತ್ತಾಳೆ. ಒಂದು ಪುಟದಲ್ಲಿ ಅಮ್ಮ ಕೈ ಅಡ್ಡ ಹಿಡಿದು ಕಿಟಕಿ ಮುಚ್ಚುತ್ತಿದ್ದಾಳೆ, ಕೆಳಗೆ ದಪ್ಪ ಅಕ್ಷರದಲ್ಲಿ "ಸಾಕು". ಎದುರು ಪುಟದಲ್ಲಿ ಹುಡುಗಿಯ ಮಡಿಲಲ್ಲಿ ಮರಿ, ಕೆಳಗೆ ಅಷ್ಟೇ ದಪ್ಪ ಅಕ್ಷರದಲ್ಲಿ ಅದೇ "ಸಾಕು". ಹೀಗೆಯೇ ಪುಸ್ತಕದುದ್ದಕ್ಕೂ. ಕೊನೆಯಲ್ಲಿ ಹಕ್ಕಿ ನೀಲಿ ನೀರಿನ ಮೇಲೆ ಹಾರಿಹೋಗುತ್ತದೆ.

ಮೊದಲ ದಿನ ಅವಳು ಬಾಗಿಲು ಹಾಕಿಕೊಂಡು ಓದಿದಳು. ಓದಿದ್ದು ಅವಳಿಗೇ ಕೇಳಲಿಲ್ಲ. ಎರಡು ವಾಕ್ಯಕ್ಕೆ ಬೆವರು ಬಂತು. ಆದರೆ ನಗಲು ಅಲ್ಲಿ ಯಾರೂ ಇರಲಿಲ್ಲ. ಅಪ್ಪ ಅವಳನ್ನೇ ನೋಡುತ್ತಾ ಮಲಗಿದ್ದ. ತೊದಲಿದರೆ ತಿದ್ದಲು ಅವನಿಗೂ ಬಾಯಿಲ್ಲ. ಮರುದಿನ ಒಂದು ಪುಟ ಓದಿದಳು. ಬರಬರುತ್ತಾ ಓದಿಗೆ ಓಟ ಬಂತು. ಅಜ್ಜಿಯ ಮಾತಿಗೆ ಅಜ್ಜಿಯ ದನಿ, ಮರಿಯ ಚಿಂವ್‌ಗುಟ್ಟುವಿಕೆಗೆ ಮರಿಯ ದನಿ. ಅಡುಗೆಮನೆಯಲ್ಲಿ ಅಮ್ಮ ಪಾತ್ರೆ ತೊಳೆಯುವುದನ್ನು ನಿಲ್ಲಿಸಿ ಕೇಳುತ್ತಾಳೆಂದು ಗೊತ್ತಾದಾಗಲೂ ಅವಳ ಗಂಟಲು ಕಟ್ಟಲಿಲ್ಲ. ಗುಂಡಿ ಹಚ್ಚುವಾಗಲೂ ಆ ವಾಕ್ಯಗಳು ನಾಲಿಗೆಯಲ್ಲಿ ಹೊರಳುತ್ತಿದ್ದವು. ಅಪ್ಪನಿಗಾಗಿ ಓದುತ್ತಿದ್ದೇನೆ ಎಂದುಕೊಂಡಿದ್ದಳು. ಓದುವ ಹೊತ್ತು ಹತ್ತಿರವಾದಾಗ ಎದೆಯಲ್ಲಿ ಏಳುತ್ತಿದ್ದ ಆಸೆ ಮಾತ್ರ ಅವಳದೇ ಆಗಿತ್ತು.

ಟೀಚರು ಬಂದಾಗ, "ಅಪ್ಪಾ, ಹಕ್ಕಿ ಎಲ್ಲಿ? ಕಿಟಕಿ ಎಲ್ಲಿ? ಅಜ್ಜಿ ಎಲ್ಲಿ?" ಎಂದು ಕೇಳುವರು. ಅಪ್ಪ ಎಡಗೈಯ ತೋರುಬೆರಳನ್ನು ನಿಧಾನವಾಗಿ ಎತ್ತಿ ಇಡುವನು. ಒಮ್ಮೆಯೂ ತಪ್ಪಿಲ್ಲ. "ತಲೆ ಒಳಗೆಲ್ಲಾ ಸರಿಯಾಗಿದೆ," ಎಂದು ಟೀಚರು ಹೇಳುತ್ತಿದ್ದರು. "ಹೊರಗೆ ಬರೋ ದಾರಿ ಮಾತ್ರ ಮುಚ್ಚಿದೆ."

ಒಂದು ಮಧ್ಯಾಹ್ನ ಅಮ್ಮ ಸಿರಿಂಜಿನಲ್ಲಿ ಹಾಲು ಬಿಡುತ್ತಿದ್ದಳು. ಅಪ್ಪನ ತುಟಿ ಎಡಕ್ಕೆ ಎಳೆದುಕೊಂಡಿತು. ಗಂಟಲಲ್ಲಿ ಏನೋ ಉರುಳಿತು.

"ಸಾ... ಕು."

ಅಮ್ಮ ಸಿರಿಂಜನ್ನು ಹಿಂದಕ್ಕೆಳೆದುಕೊಂಡಳು. "ಅಯ್ಯೋ, ಮಾತಾಡಿದ್ರು ಕಣೇ! ಹೊಟ್ಟೆ ತುಂಬ್ತಂತೆ!" ಎಂದು ಅಳುತ್ತಾ ನಗುತ್ತಾ ಹಾಲಿನ ಲೋಟವನ್ನೇ ಎತ್ತಿ ಒಳಗಿಟ್ಟಳು.

"ಅಮ್ಮಾ, ಅದು ಹೊಟ್ಟೆ ತುಂಬಿದ ಸಾಕು ಅಲ್ಲ," ಎಂದಳು ಅವಳು. "ಪುಸ್ತಕದ್ದು. ನಾನು ದಿನಾ ಓದ್ತೀನಲ್ಲ, ಅದನ್ನ ಹೇಳ್ತಿದಾರೆ."

ಲೋಟ ಮತ್ತೆ ಹೊರಗೆ ಬಂತು. ಸಂಜೆ ಅಣ್ಣನೂ ಕೈಯ ಗ್ರೀಸು ತೊಳೆಯದೆ ಬಂದು ಮಂಚದ ಪಕ್ಕ ಕೂತು, "ಇನ್ನೊಂದ್ಸಲ ಹೇಳಿ ಅಪ್ಪಾ, ನೀವು ಎಲ್ಲಾನೂ ಎರಡು ಸಲ ಹೇಳೋರು" ಎಂದು ಗೋಗರೆದ. ಅಪ್ಪ ಹೇಳಿದ. ಆ ದಿನ ಮನೆಯಲ್ಲಿ ಎಲ್ಲರೂ ಹೊಟ್ಟೆ ತುಂಬ ಊಟ ಮಾಡಿದರು.

ಮಾತು ಅಲ್ಲಿಗೇ ನಿಂತಿತು. ಬೇರೆ ಪದ ಬರಲಿಲ್ಲ. ಕಾಲು ಉಜ್ಜಿದರೆ ಸಾಕು, ಮಗ್ಗುಲು ತಿರುಗಿಸಿದರೆ ಸಾಕು, ಹಾಲು ಹಾಕಿದರೆ ಸಾಕು. ಬೆನ್ನಿನ ಕೆಳಗೆ ಹುಣ್ಣಾಗಿತ್ತು. ಅದಕ್ಕೆ ಔಷಧಿ ಹಚ್ಚುವಾಗ ಸಾಕು ಎಂಬುದು ಒಂದು ನರಳಾಟವಾಗಿ ಬರುತ್ತಿತ್ತು. ಆಮೇಲೊಂದು ಬೆಳಿಗ್ಗೆ ಅವನು ಎಡಗೈಯಿಂದ ಪ್ಲಾಸ್ಟರನ್ನು ಕಿತ್ತು ಮೂಗಿನ ಪೈಪನ್ನು ಎಳೆದು ಹಾಕಿದ. ನರ್ಸನ್ನು ಕರೆಸಿ ಮತ್ತೆ ಹಾಕಿಸಿದರು. ಅವನ ಕಣ್ಣಲ್ಲಿ ನೀರಿಳಿಯಿತು, ಗಂಟಲು ಓಕರಿಸಿತು, ಮೂಗಿನಿಂದ ರಕ್ತ ಬಂತು. ನಾಲ್ಕು ದಿನ ಕಳೆಯುವುದರೊಳಗೆ ಮತ್ತೆ ಕಿತ್ತ.

ನರ್ಸು ಫೋನಿನಲ್ಲಿ ಬೇಸರದಿಂದಲೇ ಹೇಳಿದಳು: "ನಾನು ಮಧ್ಯಾಹ್ನ ಬರ್ತೀನಿ. ಅಷ್ಟರೊಳಗೆ ಮನೆಯವ್ರು ಕೂತು ಮಾತಾಡ್ಕೊಳ್ಳಿ. ಹಾಕ್ಬೇಕು ಅಂದ್ರೆ ಕೈ ಕಟ್ಟೇ ಹಾಕ್ಬೇಕು, ಇಲ್ದಿದ್ರೆ ದಿನಾ ಇದೇ ಗೋಳು. ಬೇಡ ಅಂದ್ರೂ ಡಾಕ್ಟರು ಬಲವಂತ ಮಾಡಲ್ಲ. ಆದ್ರೆ ಪೈಪಿಲ್ದೆ ಹೆಚ್ಚು ದಿನ ಇರಲ್ಲ, ಅದೂ ಗೊತ್ತಿರ್ಲಿ."

ಮೂವರೂ ಅಡುಗೆಮನೆಯಲ್ಲಿ ನಿಂತರು. ಹೊರಕೋಣೆಗೆ ಕೇಳದಿರಲೆಂದು ಅಮ್ಮ ನಲ್ಲಿ ಬಿಟ್ಟಳು.

"ಅವರೇ ಹೇಳ್ತಿದಾರಲ್ಲ," ಎಂದ ಅಣ್ಣ. "ಬಾಯಲ್ಲಿ ಇರೋದೊಂದೇ ಮಾತು, ಅದನ್ನೂ ನಾವು ಕೇಳ್ಬಾರ್ದಾ? ಸಾಕು ಅಂದ್ರೆ ಸಾಕು."

"ಬಿಡ್ತು ಅನ್ನೋ," ಎಂದು ಅಮ್ಮ ಬಾಯಿಗೆ ಸೆರಗು ಒತ್ತಿಕೊಂಡಳು. "ಹೆತ್ತಪ್ಪನ್ನ ಉಪವಾಸ ಕೆಡವ್ತೀಯಾ?"

"ನಂಗೇನು ಖುಷಿನಾ ಅಮ್ಮಾ? ಆ ಪೈಪು ತುರುಕುವಾಗ ನೀನು ಹಿತ್ತಲಿಗೆ ಹೋಗ್ತೀಯ. ತಲೆ ಹಿಡ್ಕೊಳ್ಳೋನು ನಾನು."

ಅವಳು ಹೇಳಿದಳು, "ಅಣ್ಣಾ, ಅದು ಪುಸ್ತಕದ ಸಾಕು. ನೋಡ್ಕೊಳ್ಳಿ ಅಂತ. ಸಾಕಿ ಅಂತ."

ಅಣ್ಣ ಅವಳತ್ತ ತಿರುಗಿದ. ಅವನಿಗೆ ಸಿಟ್ಟು ಬಂದಿರಲಿಲ್ಲ, ಬಂದಿದ್ದರೆ ವಾಸಿಯಿತ್ತು. "ನಿಂಗೆ ಅಷ್ಟು ಖಾತ್ರಿನಾ?"

ಅವಳು ಹೊರಕೋಣೆಯ ಬಾಗಿಲತ್ತ ನೋಡಿದಳು.

"ಹಾಗಾದ್ರೆ ನೀನೇ ಕೇಳು. ನಿನ್ ಓದಿಗೆ ಬೆರಳಿಟ್ಟು ತೋರಿಸ್ತಾರಲ್ಲ, ತೋರಿಸ್ಲಿ. ಯಾವ ಸಾಕು ಅಂತ ಕೇಳು. ಅವ್ರು ಏನ್ ಹೇಳ್ತಾರೋ ಅದೇ ಆಗ್ಲಿ. ನಾನು ಆಮೇಲೆ ತುಟಿ ಬಿಚ್ಚಲ್ಲ." ಅಮ್ಮನತ್ತ ನೋಡಿದ. ಅಮ್ಮ ಹರಿಯುವ ನೀರನ್ನೇ ನೋಡುತ್ತಾ ತಲೆಯಾಡಿಸಿದಳು.

ಅವಳು ಪುಸ್ತಕ ಹಿಡಿದು ಹೊರಕೋಣೆಗೆ ಬಂದು ಬಾಗಿಲನ್ನು ಹಿಂದಿನಿಂದ ಎಳೆದುಕೊಂಡಳು. ಪೈಪಿಲ್ಲದ ಮುಖದಲ್ಲಿ ಅಪ್ಪ ಹಳೆಯ ಅಪ್ಪನ ಹಾಗೇ ಕಂಡ. ಪ್ಲಾಸ್ಟರ್ ಇದ್ದ ಜಾಗ ಕೆಂಪಗೆ ಹಸಿಯಾಗಿತ್ತು. ಕಿಟಕಿ ಮುಚ್ಚುವ ಅಮ್ಮ, ಮಡಿಲಲ್ಲಿ ಮರಿ ಹಿಡಿದ ಹುಡುಗಿ, ಎರಡೂ ಎದುರುಬದುರು ಇರುವ ಆ ಪುಟಗಳನ್ನು ಬಿಡಿಸಿ ಅವನ ಎದೆಯ ಮೇಲೆ ಹಿಡಿದಳು.

"ಅಪ್ಪಾ," ಎಂದಳು. "ನೀವು ಸಾಕು ಅಂತೀರಲ್ಲ. ಇದಾ..." ಕಿಟಕಿಯ ಚಿತ್ರ ಮುಟ್ಟಿದಳು. "ಇನ್ನು ಬೇಡ, ಬಿಟ್ಬಿಡಿ ಅನ್ನೋ ಸಾಕಾ? ಇಲ್ಲಾ ಇದಾ? ನೋಡ್ಕೊಳ್ಳಿ ಅನ್ನೋ ಸಾಕಾ?"

ಅಪ್ಪ ಚಿತ್ರಗಳನ್ನು ನೋಡಿದ. ಅವಳನ್ನು ನೋಡಿದ. ಎಡಗೈ ಹೊದಿಕೆಯಿಂದ ಹೊರಬಂದು ಕಿಟಕಿಯ ಮೇಲೆ ಕೂತಿತು.

ಕೈ ಜಾರಿರಬಹುದು ಎಂದುಕೊಂಡಳು. ಎಡಗೈಗೆ ಆ ಪುಟ ಹತ್ತಿರ, ಅದಕ್ಕೇ ಇರಬೇಕು. ಪುಸ್ತಕವನ್ನು ತಲೆಕೆಳಗಾಗಿ ತಿರುಗಿಸಿದಳು. ಕಿಟಕಿ ಈಗ ಆ ಕಡೆಗೆ ಹೋಯಿತು, ಚಿತ್ರದ ಅಮ್ಮ ತಲೆಕೆಳಗಾದಳು. ಮತ್ತೆ ಕೇಳಿದಳು. ಅಪ್ಪನ ಬೆರಳು ಹಕ್ಕಿಮರಿಯನ್ನು ದಾಟಿ, ಹುಡುಗಿಯ ಜಡೆಗಳನ್ನು ದಾಟಿ, ಕಷ್ಟಪಟ್ಟು ಆ ಕಡೆಯ ಪುಟಕ್ಕೆ ತಲುಪಿ ಕಿಟಕಿಯನ್ನು ಕುಟ್ಟಿತು. ಒಮ್ಮೆ ಕುಟ್ಟಿ, ಮತ್ತೊಮ್ಮೆ ಕುಟ್ಟಿತು. ಅವನ ಕಣ್ಣಲ್ಲಿ ಗಲಿಬಿಲಿ ಇರಲಿಲ್ಲ. ಅಂತೂ ಕೇಳಿದೆಯಲ್ಲ ಎಂಬಂಥ ಒಂದು ನಿರಾಳ ಅಲ್ಲಿತ್ತು.

"ಸಾಕು," ಎಂದ ಅಪ್ಪ.

ಅವಳು ಪುಸ್ತಕ ಮುಚ್ಚಿದಳು. ಬಾಗಿಲು ತೆರೆದು ಅಡುಗೆಮನೆಗೆ ಹೋದಳು. ನಲ್ಲಿ ಇನ್ನೂ ಸುರಿಯುತ್ತಿತ್ತು.

"ಏನು ತೋರಿಸಿದ್ರು?" ಎಂದು ಅಣ್ಣ ಕೇಳಿದ.

ಶಾಲೆ ಬಿಟ್ಟ ಮೇಲೆ ಅವಳು ಇಷ್ಟು ಸ್ಪಷ್ಟವಾಗಿ ಯಾವ ಮಾತನ್ನೂ ಆಡಿರಲಿಲ್ಲ. "ಹಕ್ಕಿಮರಿ," ಎಂದಳು. "ಎರಡು ಸಲ ಕೇಳಿದೆ. ಎರಡು ಸಲಾನೂ ಅದನ್ನೇ."

ಅಣ್ಣ ಗೋಡೆಗೆ ಹಣೆ ಹಚ್ಚಿ ನಿಂತುಬಿಟ್ಟ. ಅವನ ಬೆನ್ನು ಅಲುಗಿತು. "ನಾನೆಂಥ ಪಾಪಿ," ಎಂದ. "ಬದುಕ್ತೀನಿ ಅಂತಿರೋರನ್ನ ಸಾಯ್ಸೋಕೆ ಹೊರಟಿದ್ದೆ." ಅಮ್ಮ ಅವನ ತಲೆ ನೇವರಿಸಿದಳು. ಆಮೇಲೆ ಹಳೆಯ ಹತ್ತಿ ಹೊದಿಕೆಯೊಂದನ್ನು ತಂದು ಉದ್ದುದ್ದ ಪಟ್ಟಿಯಾಗಿ ಹರಿದಳು. ಕೈಗೆ ಒತ್ತಬಾರದಲ್ಲ, ಅದಕ್ಕೆ.

ನರ್ಸು ಬಂದಳು. ಅಣ್ಣ ಅಪ್ಪನ ಎಡಗೈಯನ್ನು ಮಂಚದ ಕಂಬಿಗೆ ಕಟ್ಟಿದ. ಟೈರ್ ಕಟ್ಟುವ ಗಂಟು, ಎಳೆದಷ್ಟೂ ಬಿಗಿಯುವಂಥದ್ದು. ತಕ್ಷಣ ನೆನಪಾಗಿ ಅದನ್ನು ಬಿಚ್ಚಿ ಮೆತ್ತಗಿನ ಬೇರೆ ಗಂಟು ಹಾಕಿದ. "ನಿಮ್ ಒಳ್ಳೇದಕ್ಕೇ ಅಪ್ಪಾ, ಸ್ವಲ್ಪ ದಿನ ಅಷ್ಟೇ," ಎನ್ನುತ್ತಲೇ ಇದ್ದ. ಪೈಪು ಮೂಗಿನೊಳಕ್ಕೆ ಹೋಗುವಾಗ ಅಪ್ಪ ನರ್ಸನ್ನು ನೋಡಲಿಲ್ಲ, ಅಣ್ಣನನ್ನೂ ನೋಡಲಿಲ್ಲ. ಬಾಗಿಲ ಹತ್ತಿರ ನಿಂತಿದ್ದ ಮಗಳನ್ನು ನೋಡಿದ. ಓಕರಿಕೆ ಬಂದು ಕಣ್ಣು ಮುಚ್ಚುವವರೆಗೂ ನೋಡಿದ.

ಅಂದಿನಿಂದ ಆ ಒಂದು ಮಾತೂ ನಿಂತುಹೋಯಿತು.

ಅವಳು ಓದುವುದನ್ನು ಬಿಡಲಿಲ್ಲ. ಪುಸ್ತಕ ಬಿಡಿಸಿದ ಕೂಡಲೇ ಅಪ್ಪ ಮುಖವನ್ನು ಗೋಡೆಯ ಕಡೆಗೆ ತಿರುಗಿಸುತ್ತಿದ್ದ. ಅವಳ ದನಿ ಈಗ ತಡೆಯಿಲ್ಲದೆ ಹರಿಯುತ್ತಿತ್ತು, ಬೀದಿಗೂ ಕೇಳುವಷ್ಟು. ಟೀಚರು ಒಮ್ಮೆ ಹೊರಗೆ ನಿಂತು ಕೇಳಿ ಒಳಗೆ ಬಂದವರು, "ಎಷ್ಟು ಚೆನ್ನಾಗಿ ಓದ್ತೀಯಮ್ಮಾ! ಮಕ್ಕಳಿಗೆ ಓದೋಕೆ ನಮ್ಮಲ್ಲಿ ಜನ ಬೇಕು, ಬರ್ತೀಯಾ?" ಎಂದರು. ಯಾರೂ ಯಾವತ್ತೂ ಅವಳಿಗೆ ಹೇಳದ ಮಾತು. ಅದನ್ನು ಕೇಳಿ ಅವಳ ಮೈ ತಣ್ಣಗಾಯಿತು. ಟೀಚರು ಹಕ್ಕಿ ಎಲ್ಲಿ, ಕಿಟಕಿ ಎಲ್ಲಿ ಎಂದು ಕೇಳಲು ಅಪ್ಪನ ಕೈ ಬಿಚ್ಚಹೋದರು. ಅಣ್ಣ, "ಬೇಡಿ ಮೇಡಂ, ಕಿತ್ಕೊಂಬಿಡ್ತಾರೆ" ಎಂದ. ಅವರು ನಿಟ್ಟುಸಿರಿಟ್ಟರು. "ಮಾತು ಹಿಂದಕ್ಕೆ ಹೋಯ್ತಲ್ಲ. ಇರ್ಲಿ, ಛಲ ಬಿಡ್ಬೇಡಿ."

ಹುಣ್ಣು ದೊಡ್ಡದಾಯಿತು. ಅಮ್ಮ ಊದುಬತ್ತಿ ಹಚ್ಚಿದರೂ ಕೋಣೆಯ ವಾಸನೆ ಹೋಗಲಿಲ್ಲ. ಕಟ್ಟಿದ ಕೈ ಊದಿಕೊಂಡು ಬೆರಳ ಗೆಣ್ಣುಗಳು ಕಾಣದಾದವು. ಅಣ್ಣ ದಿನವೂ ಕೆಲಸದಿಂದ ಬಂದು ಆ ಕೈಯನ್ನು ಬಿಚ್ಚಿ, ತನ್ನೆರಡು ಕೈಯಲ್ಲಿ ಹಿಡಿದು ಉಜ್ಜಿ, ಮತ್ತೆ ಕಟ್ಟುತ್ತಿದ್ದ. ಹಾಗೆ ಉಜ್ಜುವಾಗ ಅವನು ಅಪ್ಪನ ಹಾಗೆ ಮೂಗಿನ ಸ್ವರದಲ್ಲಿ, "ಪ್ರಯಾಣಿಕರ ಗಮನಕ್ಕೆ, ಎಡಗೈ ಸ್ವಲ್ಪ ಹೊತ್ತು ಈ ನಿಲ್ದಾಣದಲ್ಲಿ ನಿಲ್ಲಲಿದೆ" ಎಂದು ನಗಿಸಲು ನೋಡುತ್ತಿದ್ದ. ಅಪ್ಪ ನಗಲಿಲ್ಲ. ನಕ್ಕರೆ ಸಾಕೆಂದು ಅಣ್ಣ ಮತ್ತೊಮ್ಮೆ ಹೇಳುತ್ತಿದ್ದ. ಅವಳಿಗೆ ಅದನ್ನು ನೋಡುವುದು ಆ ಪೈಪು ಹಾಕುವುದನ್ನು ನೋಡುವುದಕ್ಕಿಂತ ಕಷ್ಟವಾಯಿತು.

ರಜೆಯ ದಿನ. ಅಣ್ಣ ಮನೆಯಲ್ಲೇ ಇದ್ದ, ಹೊಸ್ತಿಲಲ್ಲಿ ಕೂತು ಬೂಟಿನ ಅಡಿ ಅಂಟಿಸುತ್ತಿದ್ದ. ಅಮ್ಮ ಹಾಲು ಆರಿಸುತ್ತಿದ್ದಳು. ಅವಳು ಪುಸ್ತಕ ತೆಗೆದುಕೊಳ್ಳಲಿಲ್ಲ. ಮಂಚದ ಪಕ್ಕ ಮೊಣಕಾಲೂರಿ ಕೂತು ಗಂಟು ಬಿಚ್ಚತೊಡಗಿದಳು. ಗುಂಡಿಯ ದಾರ ಬಿಚ್ಚಿ ಅಭ್ಯಾಸವಿದ್ದ ಬೆರಳುಗಳು ಅಂದು ತಡವರಿಸಿದವು.

"ಏನ್ ಮಾಡ್ತಿದೀಯೇ?" ಎಂದ ಅಣ್ಣ.

"ಅಪ್ಪ ತೋರಿಸಿದ್ದು ಹಕ್ಕಿಮರಿ ಅಲ್ಲ," ಎಂದಳು. "ಕಿಟಕಿ. ಎರಡು ಸಲಾನೂ ಕಿಟಕಿ. ನಾನು ಸುಳ್ಳು ಹೇಳ್ದೆ."

ಅಣ್ಣನ ಕೈಯಿಂದ ಬೂಟು ಬಿತ್ತು. ಅವನು ಎದ್ದು ಬಂದ, ಕೈ ಎತ್ತಿದ. ಅವಳು ಮುಖ ತಪ್ಪಿಸಲಿಲ್ಲ. ಎತ್ತಿದ ಕೈ ಹಾಗೇ ಗಾಳಿಯಲ್ಲಿ ನಿಂತು ಕೆಳಗಿಳಿಯಿತು.

"ನನ್ ಕೈಯಲ್ಲಿ ಕಟ್ಟಿಸಿದ್ಯಲ್ಲೇ," ಎಂದ. ಅಷ್ಟು ಸಣ್ಣ ದನಿ ಅವನದೆಂದು ನಂಬುವಂತಿರಲಿಲ್ಲ. "ದಿನಾ ನಾನೇ ಕಟ್ಟಿದ್ನಲ್ಲೇ. ನೀನು ನೋಡ್ಕೊಂಡು ಕೂತಿದ್ದೆ."

ಅವಳಿಗೆ ಅಪ್ಪ ಇರಬೇಕು ಎಂದಿತ್ತು; ಅಪ್ಪ ಇದ್ದರೆ ಓದು ಇರುತ್ತದೆ ಎಂದೂ ಇತ್ತು. ಯಾವುದು ಹೆಚ್ಚಾಗಿತ್ತೆಂದು ಅವಳಿಗೇ ತಿಳಿದಿರಲಿಲ್ಲ. ಅದನ್ನು ಹೇಳಿದರೆ ತಪ್ಪು ಕಡಿಮೆಯಾದೀತೆಂದು ಅನ್ನಿಸಲಿಲ್ಲ. ಮತ್ತೆ ಗಂಟಿಗೇ ಕೈಹಾಕಿದಳು.

ಅಮ್ಮ ಹಾಲಿನ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದು, ಮಗಳ ಬೆರಳುಗಳನ್ನು ಪಕ್ಕಕ್ಕೆ ಸರಿಸಿ, ಉಳಿದ ಗಂಟನ್ನು ತಾನೇ ಬಿಚ್ಚಿದಳು. ಬಟ್ಟೆಯ ಪಟ್ಟಿ ನೆಲಕ್ಕೆ ಬಿತ್ತು. ಮಣಿಕಟ್ಟಿನಲ್ಲಿ ಅದರ ನೇಯ್ಗೆ ಅಚ್ಚೊತ್ತಿತ್ತು.

ಅಪ್ಪನ ಕೈ ಮೆಲ್ಲಗೆ ಮೇಲೆದ್ದಿತು. ಯಾರೂ ಅದನ್ನು ಹಿಡಿಯಲಿಲ್ಲ. ಕೈ ಮೊದಲು ಹುಬ್ಬಿಗೆ ಹೋಗಿ ತುರಿಸಿತು. ಆಮೇಲೆ ಕಿವಿಯ ಹಿಂದೆ, ಕುತ್ತಿಗೆಯಲ್ಲಿ, ಬೆಳೆದ ಗಡ್ಡದೊಳಗೆ, ಎಷ್ಟೋ ದಿನಗಳಿಂದ ಕಾದಿದ್ದ ತುರಿಕೆಯನ್ನೆಲ್ಲ ಅಪ್ಪ ಅವಸರವಿಲ್ಲದೆ, ಕಣ್ಣು ಮುಚ್ಚಿಕೊಂಡು ತೀರಿಸಿಕೊಂಡ. ಅದು ಮುಗಿದ ಮೇಲೆ ಬೆರಳು ಮೂಗಿನ ಪ್ಲಾಸ್ಟರಿನ ಅಂಚನ್ನು ಹುಡುಕಿತು.

"ಎಳೀಬೇಡಿ ರೀ," ಎಂದಳು ಅಮ್ಮ. "ಚರ್ಮ ಕಿತ್ತು ಬರುತ್ತೆ. ನಾನ್ ತೆಗೀತೀನಿ, ಇರಿ."

ತನ್ನ ಬೆರಳ ತುದಿಯನ್ನು ನೀರಲ್ಲಿ ಅದ್ದಿ, ಪ್ಲಾಸ್ಟರನ್ನು ಅಂಚಿನಿಂದ ಸ್ವಲ್ಪ ಸ್ವಲ್ಪವೇ ನೆನೆಸುತ್ತಾ ಬಿಡಿಸತೊಡಗಿದಳು.